ಹೊಟ್ಟೆಬಿಳಿ

ಗಿರಣಿಯ ಹಿಂದಿನ ಕೋಣೆ ನನ್ನದು.
ಒಂದು ಗಾಜಿನ ಮೇಜು, ಅದರ ಕೆಳಗೆ ದೀಪ,
ಚಿಮಟ, ತಕ್ಕಡಿ, ದಪ್ಪ ಕನ್ನಡಕ.
ಹದಿನೇಳು ವರ್ಷದಿಂದ ಇಲ್ಲೇ ಕೂತು
ಗೀಲಾನಿನ ಅಕ್ಕಿಯ ಹೊಟ್ಟೆ ನೋಡುತ್ತೇನೆ.

ನೂರು ಕಾಳು ಎಣಿಸಿ ಬೆಳಕಿನ ಮೇಲೆ ಹರಡಿದರೆ
ಒಳ್ಳೆಯ ಕಾಳು ದಾರಿ ಬಿಡುತ್ತದೆ.
ಹಸಿದ ಕಾಳು ತಡೆಯುತ್ತದೆ,
ನಡುವೆ ಸುಣ್ಣದ ಚುಕ್ಕೆ.
ಹೊಟ್ಟೆಬಿಳಿ ಅನ್ನುತ್ತೇವೆ.
ಹಾಲು ತುಂಬುವ ಹೊತ್ತಿಗೆ ಉಣಿಸು ಸಿಗದೆ
ಗಾಳಿ ಉಳಿದುಹೋದ ಜಾಗ ಅದು.
ಗಿರಣಿಯ ಉರುಳೆ ಹುಡುಕಿ ಅಲ್ಲೇ ಮುರಿಯುತ್ತದೆ.
ನುಚ್ಚಿಗೆ ಅರ್ಧ ಬೆಲೆ. ಕೋಳಿಗಳಿಗೆ ಹಬ್ಬ.

ಸೌಮೆಸರಾ ದಾರಿಯಲ್ಲಿ
ಮೇಲಿನ ಗದ್ದೆ ಖಾವರ್ ಖಾನುಮಳದು,
ಕೆಳಗಿನದು ಅವಳ ಅಳಿಯ ಕಿಯೂಮರ್ಸನದು.
ನಡುವೆ ಒಂದು ಬದು,
ಬದುವಿನ ಮೇಲೆ ಹನ್ನೊಂದು ವರ್ಷದ ಜಗಳ.

"ಮಣ್ಣಿಗೆ ಊಟ ಹಾಕು, ಪುಡಿ ಹಾಕಬೇಡ" ಎನ್ನುತ್ತಾಳೆ.
"ಆ ಬಿಳಿ ಹರಳು ಸಂತೆಯ ನೆಂಟನ ಹಾಗೆ,
ನಾಲ್ಕು ದಿನ ಹಸಿರು ಮಾತಾಡಿ ಎದ್ದುಹೋಗುತ್ತದೆ."
ಅವಳ ತಲಂಬಾರಿನಲ್ಲಿ, ಹುಲ್ಲಿನ ಸೂರಿನಡಿ,
ರೇಷ್ಮೆಹುಳುಗಳು ಹಿಪ್ಪುನೇರಳೆ ಜಗಿಯುವ ಸದ್ದಿಗೆ
ಹೊರಗೆ ಮಳೆಯೇನೋ ಎಂದು ಬಟ್ಟೆ ತೆಗೆಯಲು ಓಡಿದವರುಂಟು.
ಆ ಹಿಕ್ಕೆಯನ್ನು ಸಗಣಿಯ ಜೊತೆ ಕೊಳೆಸಿ
ಚಳಿಗಾಲವಿಡೀ ಮಗುಚಿ ಹಾಕುತ್ತಾಳೆ,
ಕಾಯಿಲೆಯವರ ಮಗ್ಗುಲು ಬದಲಿಸಿದ ಹಾಗೆ.

"ಅತ್ತೆ, ನಿಮ್ಮ ಗೊಬ್ಬರ ಕಣ್ಣು ಬಿಡುವಷ್ಟರಲ್ಲಿ
ಪೈರಿಗೆ ಮುಪ್ಪು ಬಂದಿರುತ್ತದೆ" ಎನ್ನುತ್ತಾನೆ ಅವನು.
"ಹೊಡೆ ಕಟ್ಟುವಾಗ ಅದಕ್ಕೆ ಇವತ್ತು ಬೇಕು. ನಾಳೆಯಲ್ಲ."

ಪ್ರತಿ ವರ್ಷ ಎರಡು ಚೀಲ ನನ್ನ ಮೇಜಿಗೆ.
ಅವಳ ನೂರರಲ್ಲಿ ಇಪ್ಪತ್ತಾರು ಹೊಟ್ಟೆಬಿಳಿ,
ಕೊನೆಗಾಲದಲ್ಲಿ ಬರಿಗೈಯಾದ ಕಾಳು.
ಅವನ ಹಾಶೆಮಿ ಸೊಕ್ಕಿ, ಎತ್ತರಕ್ಕೆ ಎದ್ದು,
ಕಾಸ್ಪಿಯನ್ನಿನ ಮೊದಲ ಗಾಳಿಗೇ ಅಡ್ಡಬಿದ್ದು
ಕೆಸರಿಗೆ ಮುಖ ಕೊಟ್ಟು ತುಂಬಿಕೊಂಡದ್ದು: ಮೂವತ್ತೊಂದು.
ಬೇಯಿಸಿದರೆ ಘಮವಿಲ್ಲ, ಆರಿದರೆ ಹರಳು.
ಹೇಳಿದ್ದೆ ಇಬ್ಬರಿಗೂ. ಯಾರು ಕೇಳುತ್ತಾರೆ
ದೀಪದ ಮುಂದೆ ಕೂತವಳ ಮಾತು,
ಒಂದು ದಿನವೂ ಕೆಸರಿಗೆ ಇಳಿಯದವಳು.

ಈ ಸಲ ಕೊಯ್ಲಾದ ವಾರ
ಖಾವರ್ ಖಾನುಮ್ ಬಂದು ಬಾಗಿಲು ಹಾಕಿದಳು.
ಕರವಸ್ತ್ರ ಬಿಚ್ಚಿ ಒಂದು ಹಿಡಿ ಅಕ್ಕಿ ಇಟ್ಟಳು.
"ಯಾರಿಗೂ ಹೇಳಬೇಡ ಮಗಳೇ.
ಹೊಡೆಯ ಹೊತ್ತಿಗೆ ಪೈರು ಹಳದಿಗೆ ತಿರುಗಿತ್ತು. ನೋಡಲಾಗಲಿಲ್ಲ.
ಅವನ ಕೊಟ್ಟಿಗೆಯಿಂದ, ಲಾಹಿಜಾನ್ ಚಹಾದ ಡಬ್ಬಿಯಲ್ಲಿ,
ಒಂದಿಷ್ಟು ಯೂರಿಯಾ... ಆರು ಡಬ್ಬಿ. ಏಳು.
ಬೆಳದಿಂಗಳಲ್ಲಿ ಎರಚಿದೆ.
ಸಾರಿಗೆ ಉಪ್ಪು ಹೆಚ್ಚಾದೀತೆಂದು ಕೈ ನಡುಗುತ್ತಲ್ಲ, ಹಾಗೆ."

ಗುರುವಾರ ಅವನು.
ಅವನೂ ಬಾಗಿಲು ಹಾಕಿದ.
"ಅತ್ತೆಗೆ ತಿಳಿಯಕೂಡದು.
ನಾಟಿಗೆ ಮುಂಚೆ, ಅವರು ಮಶ್‌ಹದಿಗೆ ಹೋದಾಗ,
ಅವರ ತಿಪ್ಪೆಯಿಂದ ಮೋಟಾರುಬೈಕಿನಲ್ಲಿ ಹೊತ್ತು ಹಾಕಿದೆ.
ಪುಡಿ ಅರ್ಧಕ್ಕೆ ಇಳಿಸಿದೆ.
ಮೊದಲು ಸಿಮೆಂಟಿನ ಹಾಗಿತ್ತು ಮಣ್ಣು,
ಈಗ ಕಾಲಿಟ್ಟರೆ..." ನಾಚಿ ನಕ್ಕ,
"ನಾದಿದ ಹಿಟ್ಟು."
ಆಮೇಲೆ ಹುಬ್ಬು ಗಂಟಿಕ್ಕಿ:
"ಒಂದು ಮಾತ್ರ ಅರ್ಥವಾಗಲಿಲ್ಲ. ಕೊಟ್ಟಿಗೆಯ ಚೀಲ ಯಾಕೋ ಇಳಿದಿದೆ.
ಯೂರಿಯಾ ತಿನ್ನುವ ಇಲಿ ಇರುತ್ತವೆಯೇ?"

ಎರಡು ಹಿಡಿ. ದೀಪ ಹಚ್ಚಿದೆ.
ಅವಳದು ಒಂಬತ್ತು. ಅವನದು ಹತ್ತು,
ಅದರಲ್ಲೂ ಒಂದು ಕಾಳಿನ ಬಗ್ಗೆ ನನಗೆ ಅನುಮಾನ.
ಉಳಿದವು ಹಸುಗೂಸಿನ ಉಗುರು.

ಆ ರಾತ್ರಿ ಎರಡನ್ನೂ ಒಂದೇ ಪಾತ್ರೆಗೆ ಸುರಿದೆ.
ನಮ್ಮಲ್ಲಿ ಬರೀ ಅನ್ನಕ್ಕೆ ಕತೆ ಎಂದು ಹೆಸರು.
ಕತೆ ಮಾಡಿ ಮುಚ್ಚಳ ತೆಗೆದಾಗ
ಗೋಡೆಯಾಚೆಯ ಹುಡುಗ ಕೂಗಿದ:
"ಯಾರ ಗದ್ದೆಯದು?"
ನಾನು ಸುಮ್ಮನೆ ಉಂಡೆ.

ಶನಿವಾರ ಅತ್ತೆ ಅಳಿಯ ಒಟ್ಟಿಗೇ ಬಂದರು, ಚೀಟಿಗೆ.
ಒಂದೇ ದರ್ಜೆ. ಒಂದೇ ಬೆಲೆ.
ಅವಳು ಚಾವಣಿ ನೋಡಿದಳು, ಅವನು ಚಪ್ಪಲಿ.
"ಹೇಗಾಯ್ತಿದು?" ಎಂದ ಗಿರಣಿಯ ಯಜಮಾನ.
ಸೆಫೀದ್ ರೂದಿನ ನೀರು ಈ ವರ್ಷ ಚೆನ್ನಾಗಿತ್ತು, ಎಂದೆ.

ಇಬ್ಬರೂ ಬೇಗಬೇಗ ತಲೆಯಾಡಿಸಿದರು.
ಹೌದು, ನೀರು.
ನೀರೇ.