ಹೆಪ್ಪು

ನಮ್ಮ ಹೊಲದ ಕಡೀ ಬದುವಿನ್ಯಾಗ
ಮೊಳಕಾಲುದ್ದ ಒಂದು ಕಲ್ಲು ಐತಿ.
ಈಚೆಗೆ ಅಥಣಿ, ಆಚೆಗೆ ಜತ್ತ.
ಅದರ ಮೈಮ್ಯಾಲಿನ ಅಕ್ಷರ
ಯಾವ ಸರಕಾರದ್ದೋ, ತೊಳದ ಮಳಿಗೂ ನೆನಪಿಲ್ಲ.
ಸಾಬವ್ವತ್ತಿ ಎಲಿ ಹಾಕ್ಕೊಂಡು
ಉಳಿದ ಸುಣ್ಣದ ಬೆರಳು ಅದಕ್ಕ ಒರಸತಾಳ,
ನಲವತ್ತು ವರ್ಷಾತು.

ಒಮ್ಮೆ ಸರ್ವೇದಾಂವ ಬಂದ,
ಮೂರು ಕಾಲಿನ ಯಂತ್ರ, ಕೊಡಿ ಹಿಡಿಯಾಕ ಒಬ್ಬ ಹುಡುಗ.
ಕಲ್ಲಿನ ಸುತ್ತ ಮೂರು ಸಲ ತಿರುಗಿ ಬರಕೊಂಡ:
"ಗಡಿಕಲ್ಲು ಸುಸ್ಥಿತಿಯಲ್ಲಿದೆ. ಸುಣ್ಣ ಬಳಿಯಲಾಗಿದೆ."
ಅತ್ತಿ ಅಂವಗೂ ಒಂದು ಎಲಿ ಮಡಚಿ ಕೊಟ್ಟಳು.

ಕಲ್ಲಿನಾಚೆ ನೂರಾ ಹತ್ತು ಹೆಜ್ಜಿಗೆ
ಅನಸೂಬಾಯಿ ಮನಿ.
ಆಕಿ ಮರಾಠಿಯೊಳಗ ಬೈತಾಳ, ಕನ್ನಡದಾಗ ಅಳತಾಳ.
ನಮ್ಮ ಮಸರು ಕೆಟ್ಟರ ಆಕಿ ಹೆಪ್ಪು,
ಆಕೀದು ಕೆಟ್ಟರ ನಮ್ಮದು.
ಮೊದಲಿನ ಹೆಪ್ಪು ಯಾರದು ಅಂತ ಕೇಳಿದ್ದೆ ಸಣ್ಣಾಕಿದ್ದಾಗ.
"ಎಮ್ಮೀನ ಕೇಳು" ಅಂದಿದ್ದರು ಇಬ್ಬರೂ.

ಮಲಗೌಡ ಕಾಕಾ ಇಪ್ಪತ್ತೆರಡು ವರ್ಷ
ಬ್ಯಾರೆ ಗಡಿ ಕಾದು ಬಂದಾಂವ.
ತಗಡಿನ ಟ್ರಂಕು, ಹಸರು ಕಂಬಳಿ,
ಎಡಗಿವಿ ಕೇಳಸೂದಿಲ್ಲ.
ಕಟ್ಟಿಮ್ಯಾಲ ಹುಡುಗರು ಗಂಟುಬಿದ್ದರ
ತಂತಿ ಅಂತಾನ, ಮಂಜು ಅಂತಾನ,
ರಾತ್ರಿಯೆಲ್ಲಾ ಉರಿಯೂ ಹಳದಿ ದೀಪದಾಗ
ಹುಳಕ್ಕೂ ನಿದ್ದಿ ಇಲ್ಲ ಅಂತಾನ.
ಮುಂದ ಏನೂ ಅನ್ನೂದಿಲ್ಲ.
ಅತ್ತಿ ಒಬ್ಬಾಕಿನ ಕೇಳಿದಳು:
"ಅಲ್ಲಿ ಮಸರು ಕೆಟ್ಟರ?"
ಕಾಕಾ ಬೀಡಿಗೆ ಕಡ್ಡಿ ಗೀರಿದ,
ಬೆರಳು ಸುಡೂತನಕ ಹಿಡಕೊಂಡೇ ಕುಂತ.

ರೋಗದ ವರ್ಷ ಜೇಸೀಬಿ ಬಂತು.
ಡಾಂಬರು ಹರದು, ನಮ್ಮ ಬದುವಿನತನಕ
ಎದಿಮಟ ಕಂದಕ.
ಆ ಕಡೆ ಮಣ್ಣಿನ ಗುಡ್ಡಿ, ಈ ಕಡೆ ಜಾಲಿಮುಳ್ಳು.
ಕಲ್ಲು ಮಾತ್ರ ಹಂಗೇ ಇತ್ತು,
ತನಗೂ ಇದಕೂ ಸಂಬಂಧಿಲ್ಲ ಅನ್ನೂಹಂಗ.
ಪಂಚಾಯ್ತಿಯವರು ಕಾಕಾಗ ಸೀಟಿ ಕೊಟ್ಟರು, ಬ್ಯಾಟರಿ ಕೊಟ್ಟರು,
"ನಿಮಗ ಅನುಭವ ಐತಿ" ಅಂದರು.
ಟ್ರಂಕಿನ್ಯಾಗಿಂದ ಬೂಟು ಹೊರಗ ಬಂದವು.
ಪಾಲಿಶಿನ ವಾಸನಿ ಅಡಗಿಮನಿತನಕ.

ಮೂರನೇ ವಾರ, ಬಿಸಲಿಗೆ, ನಮ್ಮ ಮಸರು
ನೂಲು ನೂಲಾಗಿ ಎದ್ದಿತು.
ಮೆಣಸಿನಕಾಯಿ ತೊಟ್ಟು ಹಾಕಿದಿವಿ, ಹುಣಸಿ ಹಾಕಿದಿವಿ.
ಹಾಲು ಗಟ್ಟಿ ಆತು.
ಅತ್ತಿ ಬೆರಳು ಅದ್ದಿ ನೆಕ್ಕಿ ದೂರ ಸರಿಸಿದಳು:
"ಇದು ಯಾರದೋ ಮಸರು."

ಆ ರಾತ್ರಿ ಮುಳ್ಳು ಸರಿದ ಸಪ್ಪಳ.
"ಥಮ್! ಕೌನ್ ಹೈ?"
ಕಾಕಾನ ದನಿ ಹಂಗ ನಾವ್ಯಾರೂ ಕೇಳಿರಲಿಲ್ಲ.
ಊರ ನಾಯಿ ಸುದ್ದಾ ಬಾಯಿ ಮುಚ್ಚಿದವು.
ಕಂದಕದಾಗಿಂದ ಒಂದು ಕೈ ಮ್ಯಾಲ ಬಂತು,
ಕೈಯಾಗ ಹಿತ್ತಾಳಿ ವಾಟಿ.
"ನಾನೋ ಮಲ್ಯಾ, ಸಾಬಿ. ಮಸರಿಗೆ ಬಂದೀನಿ."

ಬ್ಯಾಟರಿ ಆರಿತು.
ಎಷ್ಟೋ ಹೊತ್ತು ಏನೂ ಇಲ್ಲ.
ಗುಡ್ಡಿಯಾಚೆ ಅನಸೂಬಾಯಿ ಕೆಮ್ಮಿದಳು.
ಆಮ್ಯಾಲ ಬೂಟಿನ ಸಪ್ಪಳ ಕಂದಕಕ್ಕ ಇಳೀತು.
ವಾಟಿ ಹೋತು. ವಾಟಿ ಬಂತು.

ಮರುದಿನ ನಾ ಮಜ್ಜಿಗಿ ಕೊಡಾಕ ಹೋದಾಗ
ಕಾಕಾ ಬೂಟಿನ ಮಣ್ಣು ಕೆರಕೋತ ಕುಂತಿದ್ದ.
"ಅಲ್ಲೂ ಒಬ್ಬಾಕಿ ಇದ್ದಳು" ಅಂದ.
"ಮಂಜಿನಾಗ ಎಮ್ಮಿ ಕರೀತಿದ್ದಳು. ನಮ್ಮಕ್ಕನಂಗ, ಬಾ ಬಾ ಅಂತ.
ಎಮ್ಮಿ ನಮ್ಮ ಕಡೆ ಬಂದಿತ್ತು.
ಆಕಿ ದನಿ ತಂತೀತನಕ ಬಂದು ನಿಂತಿತು."
"ಆಮ್ಯಾಲ?" ಅಂದೆ.
ಎಡಗಿವಿ ನನ್ನ ಕಡೆ ಇತ್ತು.

ಕಂದಕ ಮುಚ್ಯಾರ ಈಗ.
ಮಣ್ಣು ಕುಂತು ಒಂದು ತಗ್ಗು ಉಳದೈತಿ.
ಜತ್ತಿನ ಬಸ್ಸು ಅಲ್ಲಿ ಒಮ್ಮೆ ಎತ್ತಿ ಹಾಕತೈತಿ,
ಕಂಡಕ್ಟರ ಎರಡೂ ಭಾಷಾದಾಗ ಬೈತಾನ,
ನಿದ್ದಿ ಹತ್ತಿದವರು ಕಣ್ಣು ತಿಕ್ಕೋತ
ಎದ್ದು ಕೇಳತಾರ
ಯಾವೂರು ಬಂತು ಅಂತ.