ಒಂದು ಎಳೆ ಕಡಿಮೆ

ಇಪ್ಪತ್ತೊಂದು ವರ್ಷ ಅದರ ಹೆಸರು ‘ಸೆರಗು ೨೦೦೦’.
ಎರಡು ಸಾವಿರ ಎಂದರೆ ಆಗ ನಾಳೆ ಎಂದರ್ಥ;
ಬಸ್‌ಸ್ಟ್ಯಾಂಡಿನ ಎದುರಿನ ಸಲೂನಿಗೂ
ಸೋಡಾದಂಗಡಿಗೂ ಅದೇ ಬಾಲ.
ಈಗ ಇಳಕಲ್ಲಿನ ಹುಡುಗರು ಕೇಳುತ್ತಾರೆ:
‘ರೇಟೇನ್ರಿ ಅಕ್ಕಾರ, ಎರಡು ಸಾವಿರೇನು?’
ಪುಗಸಟ್ಟೆ ಅಂದರೆ ನಂಬುವುದಿಲ್ಲ.

ಬರೆದವರು ನೀಲಕಂಠಪ್ಪ ಬರಗುಂಡಿ ಮಾಸ್ತರರು,
ನೂಲಿನ ಸೊಸೈಟಿಯ ಹಿಂದಿನ ಕೋಣೆಯಲ್ಲಿ
ಕರೆಂಟಿದ್ದಾಗ ಬರೆದು, ಹೋದಾಗ ಯೋಚಿಸಿ.
ಸೀರೆಯ ದಡಿ ಸೆರಗುಗಳ ನಕ್ಷೆ ತೆಗೆಯುವ ಆ ತಂತ್ರಾಂಶಕ್ಕೆ
ಬೀಗ ಹಾಕಲಿಲ್ಲ.
ಯಾರೂ ಒಯ್ಯಬಹುದು, ಯಾರೂ ತಿದ್ದಬಹುದು,
ನೆರೆಮನೆಯ ಹೆಪ್ಪಿನ ಹಾಗೆ:
ಕೊಟ್ಟಷ್ಟೂ ಗಡಿಗೆ ಬರಿದಾಗದು.

ತಿದ್ದಿದರು. ರಬಕವಿಯಿಂದ ಒಬ್ಬ, ಸೂಳೇಭಾವಿಯಿಂದ ಇಬ್ಬರು,
‘ಗೋಡೆಹಲ್ಲಿ’ ಎಂಬ ಹೆಸರಲ್ಲಿ ನಡುರಾತ್ರಿ ಬರುವ,
ಇವತ್ತಿಗೂ ಮುಖ ಕಾಣದ ಇನ್ನೊಂದು ಜೀವ.
ಗಂಡಸೋ ಹೆಂಗಸೋ ತಿಳಿಯದು,
ಲೊಚಗುಟ್ಟಿದರೆ ಮಾತ್ರ ಸತ್ಯ.

ಕೈಯಿಂದ ಕೈಗೆ ಹಾದು ಅದು ನನ್ನಲ್ಲಿಗೆ ಬಂತು.
ಹಗಲು ಪತ್ತಿನ ಸಂಘದಲ್ಲಿ ನೋಟೆಣಿಸುತ್ತೇನೆ,
ರಾತ್ರಿ ಇದಕ್ಕೆ
ಒಡತಿಯಲ್ಲ, ಕಾವಲು.

ಹೊಸ ಹೆಸರಿಗೆ ಸಭೆ ಸೇರಿದ್ದು
ಬಣ್ಣ ಹಾಕುವ ಮನೆಯ ಅಟ್ಟದ ಮೇಲೆ.
‘ಲಾಳಿ’ ಎಂದರು; ಲಾಳಿ ಆಗಲೇ ಬೇರೆ ಯಾರದೋ.
‘ಸ್ಮಾರ್ಟ್ ಸೆರಗು’ ಎಂದ ಒಬ್ಬ;
ನಕ್ಕ ನಗೆಗೆ ಅವನದೇ ಚಹಾ ಚೆಲ್ಲಿತು.
ಹುಸೇನಬಿ ತಲೆಯೆತ್ತದೆ ಸಿಕ್ಕು ಬಿಡಿಸುತ್ತ ಅಂದಳು:
‘ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನಾವು ಗಂಟು ಹಾಕೂದಿಲ್ಲ,
ಕುಣಿಕ್ಯಾಗ ಕುಣಿಕಿ ಹಾಕಿ ಕೊಂಡಿ ಮಾಡ್ತೀವಿ.
ಹಳೇದು ಹಂಗ ಇರತೈತಿ, ಹೊಸಾದು ಹಿಡಕೊಂಡಿರತೈತಿ.
ಕೊಂಡಿ ಅನ್ರಿ.’
ಅಂದೆವು. ಕೈ ಎತ್ತಿಸುವುದೂ ಬೇಕಾಗಲಿಲ್ಲ.

ಹೆಸರು ಬದಲಿಸಲು ಒಂದು ರಾತ್ರಿ,
ಒಳಗನ್ನು ಬದಲಿಸಲು ಒಂದು ವರ್ಷ.
ಯಾರೂ ಈಗ ಆಡದ ಭಾಷೆಯ ನಲವತ್ತು ಸಾವಿರ ಸಾಲು
ಬಿಚ್ಚಿ, ಝಾಡಿಸಿ, ಹೊಸ ಭಾಷೆಯಲ್ಲಿ ಹಾಸು ಹೂಡುವಾಗ
ಸಿಕ್ಕಿತು ಆ ತಪ್ಪು:
ಯಂತ್ರ ಎಣಿಸುವುದು ಸೊನ್ನೆಯಿಂದ,
ಮಾಸ್ತರರು ಎಣಿಸಿದ್ದರು ಒಂದರಿಂದ.
ಪ್ರತಿ ದಡಿಯ ಎಡ ಅಂಚಿನ ಮೊದಲ ಎಳೆ
ಇಪ್ಪತ್ತೊಂದು ವರ್ಷದಿಂದ ಉದುರುತ್ತಲೇ ಇತ್ತು.
ಸರಿಪಡಿಸಿದೆ. ಎಲ್ಲರಿಗೂ ಪೇಢೆ ಹಂಚಿದೆ.

ಎಂಟನೆಯ ದಿನ ತಿಪ್ಪಣ್ಣ ಜವಳಿ, ಹೆಗಲ ಮೇಲೆ ಸೀರೆ:
‘ಏನ್ ಮಾಡಿದಿ ತಂಗಿ? ಗೋಮಿ ದಡ್ಯಾಗ ಒಂದ್ ಎಳಿ ಹೆಚ್ಚಾಗೇತಿ.’

ಎಲ್ಲರಿಗೂ ಗೊತ್ತಿತ್ತಂತೆ, ಅದು ಒಂದೆಳೆ ತಿನ್ನುತ್ತದೆಂದು.
ನಕ್ಷೆ ಬರೆಯುವಾಗಲೇ ಒಂದು ಹೆಚ್ಚು ಬರೆಯುತ್ತಿದ್ದರು,
ಉಣ್ಣುವ ಮೊದಲು ಮೀಸಲು ತೆಗೆದಿಟ್ಟ ಹಾಗೆ.
ಯಾರೂ ದೂರಲಿಲ್ಲ. ಯಾರೂ ಯಾರಿಗೂ ಹೇಳಿಕೊಡಲಿಲ್ಲ.
ಹನ್ನೊಂದು ನೂರು ನಕ್ಷೆ, ಎಲ್ಲದರಲ್ಲೂ ಆ ಮೀಸಲು;
ಬರೆದ ಕೆಲವರನ್ನು ಈಗ ಕೇಳುವಂತಿಲ್ಲ.

ಮಾಸ್ತರರು ಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದರು.
ಕೇಳಿ, ಕವಡೆ ಕುಲುಕುವುದು ನಿಲ್ಲಿಸಿ, ನಕ್ಕರು:
‘ನನ್ನ ಹೆಸರು ಅದರಾಗ ಎಲ್ಲೂ ಬರದಿಲ್ಲ.
ನಂದು ಅಂತ ಇದ್ದದ್ದು ಅದೊಂದು ತಪ್ಪು. ಅದನ್ನೂ ತಗದ್ಯಾ?’
ಮತ್ತೆ ಕವಡೆ ಎಸೆದರು. ನಾಲ್ಕು ಬಿತ್ತು.

ಅದೇ ರಾತ್ರಿ ಗೋಡೆಹಲ್ಲಿ ಕಳಿಸಿದ್ದು ಇಷ್ಟೇ:
ಹಳೆಯ ಕಡತ ಬಂದರೆ ಒಂದು ಎಳೆ ಬಿಡು,
ಹೊಸದಾದರೆ ಪೂರ್ತಿ ನೇಯಿ.

ತೆಗೆದುಕೊಂಡೆ. ಆದರೆ ಆ ತುಣುಕಿಗೊಂದು ಹೆಸರು ಬೇಕಿತ್ತು,
ಹೆಸರಿಲ್ಲದ್ದನ್ನು ಯಂತ್ರ ಕರೆಯುವುದಿಲ್ಲ.
ಬಹಳ ಹೊತ್ತು ಕೂತು, ಒತ್ತಿದೆ:
ಸೆರಗು೨೦೦೦.

ಕೊಂಡಿಯ ಒಳಗೆ ಎಲ್ಲೋ ಈಗ
ಆ ಹೆಸರಿನದು ಒಂದೇ ಕೆಲಸ,
ಬೇಕಾದ ಕಡೆ ಒಂದು ಎಳೆ ಬಿಡುವುದು.
ತಿಪ್ಪಣ್ಣ ಬಂದ, ಉಗುರಿನಿಂದ ದಡಿ ಎಣಿಸಿದ,
‘ಹ್ಞಾ, ಈಗ ಬರೋಬರಿ ಕಡಿಮಿ ಐತಿ’ ಎಂದ.