ಉಲ್ಟಾ ಮಗ್ಗಲು

ಬಾಗಲಕೋಟೆಯಿಂದ ಏಳೂವರೆ ಬಸ್ಸಿಗೆ ಬಂದೆ.
ಬ್ಯಾಗಿನಲ್ಲಿ ಅರವತ್ತು ನಮೂನೆ, ಅರವತ್ತು ಪೆನ್ಸಿಲ್ಲು,
ಮೇಲೊಂದು ಸುತ್ತೋಲೆ.
ಗುಳೇದಗುಡ್ಡದ ಆರನೇ ಇಯತ್ತೆ,
ಕಿಟಕಿಯಾಚೆ ಕುಣಿಮಗ್ಗದ ಸಪ್ಪಳ:
ಒಂದು ನಿಂತರೆ ಇನ್ನೊಂದು.

ಮೊದಲ ಪ್ರಶ್ನೆಯಲ್ಲೇ ತೊಡಕು ಬಿತ್ತು.
‘ಶಾಲಾ ಸಂಬಂಧಿತ ಉದ್ವೇಗ ನಿಮ್ಮನ್ನು ಬಾಧಿಸುತ್ತದೆಯೇ?’
ಉದ್ವೇಗ ಅಂದ್ರ ಗಾಡಿ ಜೋರ ಹೊಡಿಯೋದ್ರಿ,
ಎಂದಳು ದ್ರಾಕ್ಷಾಯಣಿ, ಎದ್ದು ನಿಂತು, ಕೈ ಕಟ್ಟಿ.
ಹಾಳೆ ಮಡಚಿಟ್ಟೆ.

ಸೋಮವಾರ ಮುಂಜಾನೆ ಹೊಟ್ಟಿ ನುಲಿತೈತೇನು?
ಫಳಿ ಹತ್ರ ಕರದ್ರ ಕಾಲು ನಡಗ್ತಾವೇನು?
ಹಾಜರಿ ಕೂಗುವಾಗ ಎದಿ ಡವಡವ ಅಂತೈತೇನು?
ಇಲ್ಲ ಅಂದ್ರ ಸೊನ್ನಿ, ಒಮ್ಮೊಮ್ಮೆ ಅಂದ್ರ ಒಂದು,
ಭಾಳ ಸಲ ಎರಡು, ದಿನಾ ಅಂದ್ರ ಮೂರು.

‘ಎಷ್ಟಕ್ಕ ಪಾಸ್ರೀ?’
ಹಿಂದಿನ ಸಾಲಿನಿಂದ ರಾಜೇಸಾಬ.
ಪಾಸು ನಾಪಾಸು ಇಲ್ಲಪ್ಪ ಇದರಾಗ, ಎಂದೆ.
ಒಬ್ಬರೂ ನಂಬಲಿಲ್ಲ.
ಮೊಣಕೈ ಅಡ್ಡ ಇಟ್ಟರು,
ಬಾಜೂದವರ ಹಾಳೆಗೆ ಕಣ್ಣು ಹೊರಳಿಸಿದರು,
ತಮ್ಮ ಹೊಟ್ಟೆಯ ನೋವನ್ನು
ಇನ್ನೊಬ್ಬರ ಹಾಳೆ ನೋಡಿ ಬರೆದರು.

ಒಂದು ನಮೂನೆಯಲ್ಲಿ
ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ ಸೊನ್ನೆ.
ದುಂಡಗೆ, ಸಾಲಾಗಿ, ಹರಳು ಜೋಡಿಸಿದ ಹಾಗೆ.
ಹೆಸರಿನ ಜಾಗದಲ್ಲಿ: ಎಚ್. ವಾಯ್. ಮದ್ದಾನಿ.
ಸುತ್ತೋಲೆಯ ಪ್ರಕಾರ ಇಂಥ ಮಗು ಆರಾಮ.
ಇಪ್ಪತ್ತರ ಕೆಳಗಿದ್ದರೆ ಕ್ರಮ ಬೇಕಿಲ್ಲ.

ನಮ್ಮಪ್ಪ ಖಣದ ವ್ಯಾಪಾರಿ.
ಕೊಳ್ಳುವಾಗ ಬಣ್ಣ ನೋಡುತ್ತಿರಲಿಲ್ಲ, ಅಂಚೂ ನೋಡುತ್ತಿರಲಿಲ್ಲ.
ಫಟ್ಟನೆ ಹೊರಳಿಸಿ
ಉಲ್ಟಾ ಮಗ್ಗಲಿನ ಎಳೆಗಳ ಮೇಲೆ ಉಗುರು ಎಳೆಯುತ್ತಿದ್ದ.
ಮುಖ ಎಲ್ಲಾರೂ ಚಂದ ನೇಯ್ತಾರ, ಅನ್ನುತ್ತಿದ್ದ.

ಹಾಳೆ ಹೊರಳಿಸಿದೆ.
ಬೆರಳಿಗೆ ತಾಗಿದವು
ಒತ್ತಿ ಬರೆದು ಅಳಿಸಿದ ಮೂರುಗಳು,
ಎಡಬಲ ತಿರುಗಿ, ಉಬ್ಬಿ.
ಹಾಜರಿಯ ಪ್ರಶ್ನೆಯ ಹತ್ತಿರ
ರಬ್ಬರು ತಿಕ್ಕಿ ತಿಕ್ಕಿ ಕಾಗದ ಹರಿದು
ಸಣ್ಣ ತೂತು.
ಅದರ ಸುತ್ತಲೇ ಬರೆದಿದ್ದ ಸೊನ್ನೆ.

ಊಟದ ಬಿಡುವಿನಲ್ಲಿ ನಳದ ಹತ್ತಿರ ಸಿಕ್ಕ.
ತಾಟು ತೊಳೆದದ್ದನ್ನೇ ತೊಳೆಯುತ್ತಿದ್ದ.
ನಾನು ಕೇಳುವ ಮೊದಲೇ ಕೇಳಿದ:
‘ನನ್ನ ತಲಿ ನೋಡಾಕ ಬಂದೀರೇನ್ರೀ?
ಹುಚ್ಚರ ಡಾಕ್ಟರು ಬರ್ತಾರ, ನಿನ್ನ ಸಲುವಾಗೇ,
ಅಂತ ನಿನ್ನಿಂದ ಅಂದ ಅಂದಾರ.’

ನಿನ್ನ ಪೂರ್ತಿ ಹೆಸರೇನಪ್ಪ?

ನೀರು ನಿಲ್ಲಿಸಿದ.
‘ಹುಚ್ಚೇಶ್ವರ.’

ಯಾರಿಟ್ಟರು?
‘ಆಯಿ. ನನ್ನಕಿಂತ ಮೊದಲ ಎರಡು ಕೂಸು ಹೋಗಿದ್ವಂತ.
ಮಠದ ಅಜ್ಜಗ ಹರಕಿ ಹೊತ್ತಿದ್ಲಂತ.’
ತಾಟು ಝಾಡಿಸಿದ, ಹನಿ ನನ್ನ ಚಪ್ಪಲಿ ಮೇಲೆ ಬಿತ್ತು.
‘ಮನ್ಯಾಗ ಕರದ್ರ ಚಂದ ಕೇಳತೈತ್ರಿ.
ಸಾಲ್ಯಾಗ ಕರದ್ರ
ಅದ ಹೆಸರು, ಖರೇ, ಬ್ಯಾರೆ ಆಗತೈತಿ.’

ಮಾಸ್ತರರಿಗೆ ಹೇಳಿದೆ, ಮೆಲ್ಲಗೆ.
ಅವರು ಕನ್ನಡಕ ಒರೆಸಿಕೊಂಡರು.
‘ಹೆಸರಿಗೇನಾಗೇತ್ರಿ? ದೊಡ್ಡವರ ಹೆಸರು.
ನಮ್ಮ ಮಾವನ ಹೆಸರೂ ಅದ.’
ನಿಜ, ಹೆಸರಿಗೆ ಏನೂ ಆಗಿರಲಿಲ್ಲ.
ಮಧ್ಯಾಹ್ನದ ಹಾಜರಿಯಲ್ಲಿ
ಅವರು ಆ ಸಾಲಿಗೆ ಬಂದು ಒಂದು ಗಳಿಗೆ ನಿಂತರು,
ಆಮೇಲೆ ಪೂರ್ತಿ ಹೆಸರು ಕರೆದರು, ನಿಧಾನ,
ಮಾವನನ್ನು ಊಟಕ್ಕೆ ಕರೆದ ಹಾಗೆ.
ಎಲ್ಲೋ ಒಂದು ಕಿಸಕ್ ಎದ್ದಿತು,
ರೂಢಿಯಿಂದ.
ಜೊತೆಗೆ ಯಾರೂ ಏಳದೆ ಕೂತಿತು.
ನಾಳೆ ಏನೋ, ಗೊತ್ತಿಲ್ಲ.

ವರದಿಯಲ್ಲಿ ಅಂಕ ಸೊನ್ನೆ ಎಂದೇ ಬರೆದೆ.
ಅವನು ಕೊಟ್ಟ ಉತ್ತರ ಅದು, ತಿದ್ದಲು ನಾನ್ಯಾರು?
ಷರಾ ಕಾಲಮ್ಮಿನಲ್ಲಿ ಮಾತ್ರ:
ಮುಂದಿನ ಮಂಗಳವಾರ ಮತ್ತೆ ಭೇಟಿ,
ನಮೂನೆ ಇಲ್ಲದೆ.

ಬಸ್ಸಿನಲ್ಲಿ ಪೆನ್ಸಿಲ್ಲು ಎಣಿಸಿದೆ.
ಐವತ್ತೊಂಬತ್ತು.
ಮತ್ತೊಮ್ಮೆ ಎಣಿಸಲು ಹೋಗಲಿಲ್ಲ.